ಸ್ವತಂತ್ರ ಕಿರುಚಿತ್ರ, ಅನಿಮೇಷನ್, ಮ್ಯೂಸಿಕ್ ವಿಡಿಯೋ ಹುಡುಕುವುದು ಹೇಗೆ? ದಾವಣಗೆರೆ–ಚಿತ್ರದುರ್ಗದ ನೋಡುಗರಿಗೆ ಸಮಗ್ರ ಮಾರ್ಗದರ್ಶಿ

ಯೂಟ್ಯೂಬಿನಲ್ಲಿ "ಕನ್ನಡ ಶಾರ್ಟ್ ಫಿಲ್ಮ್" ಎಂದು ಬರೆದು ಹುಡುಕಿದರೆ ಬರುವುದು ಗೊತ್ತೇ ಇದೆ. ಲಕ್ಷಗಟ್ಟಲೆ ಜನ ಆಗಲೇ ನೋಡಿದ ನಾಲ್ಕಾರು ಚಿತ್ರ, ಅದರ ಕೆಳಗೆ ಹಳೆಯ ಸಿನಿಮಾದ ತುಣುಕುಗಳು, ಆಮೇಲೆ ಫೋನ್ ಪರದೆಯುದ್ದಕ್ಕೆ ನಿಲ್ಲುವ ಮೂವತ್ತು ಸೆಕೆಂಡಿನ ಶಾರ್ಟ್ಸ್. ಎಷ್ಟು ಜಾರಿಸಿದರೂ ಅಷ್ಟೇ. ಕೊನೆಗೆ "ನಮ್ಮ ಕಡೆ ಯಾರೂ ಒಳ್ಳೇದು ಮಾಡ್ತಿಲ್ಲ ಬಿಡ್ರಿ" ಅಂತ ಫೋನ್ ಕೆಳಗಿಡುತ್ತಾರೆ. ಮಾಡುವವರು ಇದ್ದಾರೆ. ಹುಡುಕುವ ರೀತಿ ತಪ್ಪಿದೆ, ಅಷ್ಟೇ.

ತಪ್ಪು ಇರುವುದು ಒಂದೇ ಕಡೆ. ಎಲ್ಲರೂ "ಕಿರುಚಿತ್ರ" ಎಂಬ ವರ್ಗವನ್ನು ಹುಡುಕುತ್ತಾರೆ. ಹುಡುಕಬೇಕಾದ್ದು ಮಾಡಿದವರ ಹೆಸರು. ವರ್ಗ ಹುಡುಕಿದರೆ ಯೂಟ್ಯೂಬ್ ತನಗೆ ಲಾಭವಿರುವುದನ್ನು ಮುಂದಿಡುತ್ತದೆ. ಹೆಸರು ಹುಡುಕಿದರೆ ಆ ಹೆಸರಿನವರು ಮಾಡಿದ್ದನ್ನು ತೋರಿಸದೆ ಅದಕ್ಕೆ ಬೇರೆ ದಾರಿಯಿಲ್ಲ. ಕೆಳಗಿನ ಹಂತಗಳೆಲ್ಲ ಹೆಸರು ಸಂಪಾದಿಸುವುದಕ್ಕೆ, ಆ ಹೆಸರಿನ ಬೆನ್ನು ಹತ್ತುವುದಕ್ಕೆ. ಹಂತಗಳನ್ನು ಕ್ರಮವಾಗಿಯೇ ಮಾಡಿ. ಮೊದಲನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ವಾರದೊಳಗೆ ಮತ್ತೆ ಅದೇ ಸಿನಿಮಾ ತುಣುಕುಗಳ ನಡುವೆ ಇರುತ್ತೀರಿ.

## ಮೊದಲು ಇವಿಷ್ಟು ಹೊಂದಿಸಿಕೊಳ್ಳಿ

ಫೋನ್ ಸಾಕು, ಆದರೆ ವಾರಕ್ಕೊಮ್ಮೆಯಾದರೂ ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್ ಸಿಕ್ಕರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಕ್ರೆಡಿಟ್ಸ್, ಅಂದರೆ ಚಿತ್ರದ ಕೊನೆಯಲ್ಲಿ ಬರುವ ಕೆಲಸ ಮಾಡಿದವರ ಹೆಸರುಗಳನ್ನು ಓದುವುದಕ್ಕೆ ಅದೇ ಸರಿ. ಹೊಸದೊಂದು ಜಿಮೇಲ್ ಖಾತೆ, ಒಂದು ಇಯರ್‌ಫೋನ್, ಒಂದು 200 ಪುಟದ ನೋಟ್‌ಬುಕ್ ಇಲ್ಲವೇ ಗೂಗಲ್ ಶೀಟ್.

ಡೇಟಾ ಲೆಕ್ಕವೂ ಇರಲಿ. 480ಪಿ ಗುಣಮಟ್ಟದಲ್ಲಿ ಒಂದು ಗಂಟೆ ನೋಡಲು ಸುಮಾರು ಅರ್ಧ ಜಿಬಿ ಬೇಕು, 1080ಪಿ ಆದರೆ ಒಂದೂವರೆ ಜಿಬಿಗೂ ಮೇಲೆ ಹೋಗುತ್ತದೆ. ಹುಡುಕುವಾಗ 480ಪಿ ಇಟ್ಟುಕೊಳ್ಳಿ. ಚಿತ್ರ ಇಷ್ಟವಾಯಿತೆಂದರೆ ವೈಫೈ ಸಿಕ್ಕಾಗ ಪೂರ್ತಿ ಗುಣಮಟ್ಟದಲ್ಲಿ ಇನ್ನೊಮ್ಮೆ ನೋಡಿ.

## ಹಂತ 1: ಹುಡುಕಾಟಕ್ಕೆಂದೇ ಬೇರೆ ಖಾತೆ ತೆರೆಯಿರಿ

ಮನೆಯವರೆಲ್ಲ ಬಳಸುವ ಖಾತೆಯಲ್ಲಿ ಹುಡುಕಬೇಡಿ. ಅದರಲ್ಲಿ ಅಮ್ಮನ ಧಾರಾವಾಹಿ, ಮಕ್ಕಳ ಕಾರ್ಟೂನ್, ತಮ್ಮನ ಕ್ರಿಕೆಟ್ ಎಲ್ಲ ಕಲಸಿಕೊಂಡಿರುತ್ತದೆ. ಯೂಟ್ಯೂಬ್ ಆ ಕಲಸುಮೇಲೋಗರದ ಆಧಾರದ ಮೇಲೆಯೇ ನಿಮಗೆ ಏನು ತೋರಿಸಬೇಕೆಂದು ತೀರ್ಮಾನಿಸುತ್ತದೆ.

ಹೊಸ ಜಿಮೇಲ್‌ನಿಂದ ಯೂಟ್ಯೂಬಿಗೆ ಹೋಗಿ. ಮೊದಲ ಎರಡು ವಾರ ಹೋಮ್ ಪುಟವನ್ನು ನೋಡಲೇಬೇಡಿ, ಹುಡುಕು ಪೆಟ್ಟಿಗೆಯಿಂದಷ್ಟೇ ಹೋಗಿ. ಆಮೇಲೆ ಹೋಮ್ ಪುಟದಲ್ಲಿ ಸಿನಿಮಾ ತುಣುಕಿನ ಚಾನೆಲ್ ಎದುರಾದರೆ ಮೂರು ಚುಕ್ಕಿ ಒತ್ತಿ "ಈ ಚಾನೆಲ್ ಶಿಫಾರಸು ಮಾಡಬೇಡಿ" ಎಂಬುದನ್ನು ಆರಿಸಿ. ಚಿತ್ರವನ್ನು ಪೂರ್ತಿ ನೋಡಿ. ಅರ್ಧಕ್ಕೆ ಬಿಟ್ಟ ಕಿರುಚಿತ್ರ ನಿಮಗೆ ಬೇಡವಾದದ್ದೆಂದು ಅದು ಲೆಕ್ಕ ಹಾಕುವ ಸಾಧ್ಯತೆ ಹೆಚ್ಚು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ವೀಕ್ಷಣೆಯ ಇತಿಹಾಸವನ್ನೇ ಆಫ್ ಮಾಡಿಬಿಡುವುದು. ಹಾಗೆ ಮಾಡಿದರೆ ಹೋಮ್ ಪುಟ ಖಾಲಿಯಾಗುತ್ತದೆ, ಖಾತೆ ಏನನ್ನೂ ಕಲಿಯುವುದಿಲ್ಲ. ಇತಿಹಾಸ ಆನ್ ಇರಲಿ, ಅದರೊಳಗೆ ಬೇರೇನೂ ಸೇರದಂತೆ ನೋಡಿಕೊಳ್ಳಿ.

## ಹಂತ 2: ಊರಿನ ಹೆಸರನ್ನು ಎಷ್ಟು ರೀತಿ ಬರೆಯುತ್ತಾರೆಂದು ಪಟ್ಟಿ ಮಾಡಿ

ನಮ್ಮ ಎರಡು ಜಿಲ್ಲೆಗಳವರು ಹೆಚ್ಚು ಎಡವುವುದು ಇಲ್ಲಿ. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ನಡುವೆ "ಎ" ಅಕ್ಷರ ಹಾಕಿಯೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಎರಡಕ್ಕೂ ಬರುವ ಫಲಿತಾಂಶ ಒಂದೇ ಇರುವುದಿಲ್ಲ. ಆದ್ದರಿಂದ ಎರಡನ್ನೂ, ಜೊತೆಗೆ ಕನ್ನಡ ಲಿಪಿಯಲ್ಲೂ, ಒಟ್ಟು ಮೂರು ಸಲ ಹುಡುಕಿ.

ಚಿತ್ರದುರ್ಗದ ಕಥೆ ಬೇರೆ. ಮಾತಿನಲ್ಲಿ ನಾವೆಲ್ಲ "ದುರ್ಗ" ಎನ್ನುತ್ತೇವೆ, ಆದರೆ ಅದನ್ನೇ ಹುಡುಕಿದರೆ ದುರ್ಗಾದೇವಿಯ ಭಕ್ತಿಗೀತೆಗಳು ಬಂದು ಕೂರುತ್ತವೆ. ಇಂಗ್ಲಿಷಿನಲ್ಲಿ ಕೊನೆಯ "ಎ" ಬಿಟ್ಟರೆ ಛತ್ತೀಸಗಢದ ದುರ್ಗ್ ಜಿಲ್ಲೆಯ ಆಲ್ಬಂ ಹಾಡುಗಳು ಸಾಲುಗಟ್ಟುತ್ತವೆ. "ಕೋಟೆ" ಸೇರಿಸಿದರೆ ಪ್ರವಾಸಿ ವ್ಲಾಗ್‌ಗಳು. ಪೂರ್ತಿ ಹೆಸರನ್ನೇ ಬರೆಯಿರಿ, ಬೇಡದ ಪದದ ಮೊದಲಿಗೆ ಜಾಗ ಬಿಡದೆ ಮೈನಸ್ ಗುರುತು ಹಾಕಿ: ಮೈನಸ್ ವ್ಲಾಗ್, ಮೈನಸ್ ಟ್ರೈಲರ್, ಮೈನಸ್ ಸ್ಟೇಟಸ್.

ಜಿಲ್ಲೆಯ ಹೆಸರಿಗಿಂತ ತಾಲ್ಲೂಕು ಮತ್ತು ಚಿತ್ರೀಕರಣದ ಜಾಗದ ಹೆಸರು ಒಳ್ಳೆಯ ಫಲ ಕೊಡುತ್ತದೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಚಳ್ಳಕೆರೆ, ಹೊಳಲ್ಕೆರೆ, ಮೊಳಕಾಲ್ಮುರು. ಜೋಗಿಮಟ್ಟಿ, ಕೊಂಡಜ್ಜಿ, ಸೂಳೆಕೆರೆ. ವಾಣಿವಿಲಾಸ ಸಾಗರ ಎಂದು ಹುಡುಕಿದ ಮೇಲೆ ಮಾರಿಕಣಿವೆ ಎಂದೂ ಹುಡುಕಿ. ಹರಿಹರ ಒಂದನ್ನು ಮಾತ್ರ ಕೊನೆಗಿಟ್ಟುಕೊಳ್ಳಿ, ದೇವರ ಹಾಡುಗಳ ನಡುವೆ ಚಿತ್ರ ಹುಡುಕಲು ತಾಳ್ಮೆ ಬೇಕು.

ಈ ಹೆಸರುಗಳ ಜೊತೆ ಸೇರಿಸಬೇಕಾದ ಪದಗಳೂ ಒಂದೇ ಅಲ್ಲ. ಕಿರುಚಿತ್ರ, ಶಾರ್ಟ್ ಫಿಲ್ಮ್, ಶಾರ್ಟ್ ಮೂವಿ, ಟೆಲಿಫಿಲ್ಮ್, ಸಾಕ್ಷ್ಯಚಿತ್ರ. ಹಾಡಿಗಾದರೆ ಆಲ್ಬಂ ಸಾಂಗ್, ವಿಡಿಯೋ ಸಾಂಗ್, ಕನ್ನಡ ರ‍್ಯಾಪ್. ಪತ್ರಿಕೆ ಓದುವವರು "ಕಿರುಚಿತ್ರ" ಎನ್ನುತ್ತಾರೆ, ಮಾಡುವ ಹುಡುಗರು ಹೆಚ್ಚಾಗಿ "ಶಾರ್ಟ್ ಮೂವಿ" ಎಂದೇ ಶೀರ್ಷಿಕೆ ಹಾಕುತ್ತಾರೆ.

ಫಿಲ್ಟರ್‌ನಲ್ಲಿ ಎರಡು ಸಂಗತಿ ಮರೆಯಬೇಡಿ. ಒಂದು, ಅವಧಿ: ತೀರಾ ಚಿಕ್ಕದನ್ನು ಬಿಟ್ಟು ನಡುವಿನ ಅವಧಿಯನ್ನೂ 20 ನಿಮಿಷಕ್ಕಿಂತ ಹೆಚ್ಚಿನದನ್ನೂ ಬೇರೆಬೇರೆಯಾಗಿ ನೋಡಿ. ಇನ್ನೊಂದು, ಸಬ್‌ಟೈಟಲ್ ಇರುವ ವಿಡಿಯೋ ಎಂಬ ಆಯ್ಕೆ. ಇದು ಬಹಳ ಜನಕ್ಕೆ ಗೊತ್ತಿಲ್ಲದ ಒಳದಾರಿ. ಹೊರರಾಜ್ಯದ ಉತ್ಸವಕ್ಕೆ ಕಳಿಸಬೇಕಾದರೆ ಇಂಗ್ಲಿಷ್ ಸಬ್‌ಟೈಟಲ್ ಹಾಕಲೇಬೇಕು, ಆದ್ದರಿಂದ ಸಬ್‌ಟೈಟಲ್ ಇರುವ ಕನ್ನಡ ಕಿರುಚಿತ್ರದ ಹಿಂದೆ ಶ್ರಮಪಟ್ಟವರು ಇರುವ ಸಂಭವ ಜಾಸ್ತಿ.

## ಹಂತ 3: ಉತ್ಸವಗಳ ಪಟ್ಟಿಯಿಂದ ಹೆಸರು ಎತ್ತಿಕೊಳ್ಳಿ

ಈಗ ಯೂಟ್ಯೂಬ್ ಮುಚ್ಚಿ, ಗೂಗಲ್ ತೆರೆಯಿರಿ. ಚಿತ್ರೋತ್ಸವಗಳು ಪ್ರತಿ ಸಲ ಆಯ್ಕೆಯಾದ ಚಿತ್ರಗಳ ಪಟ್ಟಿ ಪ್ರಕಟಿಸುತ್ತವೆ. ಸಾವಿರಾರು ಚಿತ್ರ ನೋಡಿ ಯಾರೋ ಆರಿಸಿಟ್ಟ ಪಟ್ಟಿ ಅದು, ಪುಕ್ಕಟೆ ಸಿಗುತ್ತದೆ. ಅದನ್ನು ಬಿಟ್ಟು ಕತ್ತಲಲ್ಲಿ ತಡಕಾಡುವುದೇಕೆ?

ಮೊದಲು ನೋಡಬೇಕಾದ್ದು ಬೆಂಗಳೂರು ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವ. 2010ರಲ್ಲಿ ಶುರುವಾದ ಇದರಲ್ಲಿ ಕರ್ನಾಟಕದ ಚಿತ್ರಗಳಿಗೆಂದೇ ಒಂದು ವಿಭಾಗವಿದೆ. ಆಮೇಲೆ 2008ರಿಂದ ತಿರುವನಂತಪುರದಲ್ಲಿ ನಡೆಯುವ ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, 1990ರಲ್ಲಿ ಆರಂಭವಾದ ಮುಂಬಯಿ ಅಂತಾರಾಷ್ಟ್ರೀಯ ಚಿತ್ರೋತ್ಸವ (ಮಿಫ್). ರಾಷ್ಟ್ರಪ್ರಶಸ್ತಿಯ ನಾನ್-ಫೀಚರ್ (ಕಿರುಚಿತ್ರ, ಸಾಕ್ಷ್ಯಚಿತ್ರಗಳ) ವಿಭಾಗದ ಪಟ್ಟಿಯೂ ಇರಲಿ. ಹೊರದೇಶದ್ದು ಬೇಕಾದರೆ ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ, ಜರ್ಮನಿಯ ಓಬರ್‌ಹೌಸೆನ್. ಎರಡನೆಯದು 1954ರಿಂದ ನಡೆಯುತ್ತಿದೆ, ಅಲ್ಲಿ ಮ್ಯೂಸಿಕ್ ವಿಡಿಯೋಗೂ ಪ್ರತ್ಯೇಕ ಸ್ಪರ್ಧೆ ಇದೆ.

ಪಟ್ಟಿಯಲ್ಲಿ ಚಿತ್ರದ ಹೆಸರಿನ ಮುಂದೆ ಭಾಷೆ, ಅವಧಿ, ನಿರ್ದೇಶಕರ ಹೆಸರು ಇರುತ್ತದೆ. ಮೂರನ್ನೂ ಬರೆದುಕೊಳ್ಳಿ. ಬರೀ ಚಿತ್ರದ ಹೆಸರು ಬರೆದುಕೊಂಡರೆ ಸಾಲದು. ಚಿದಾನಂದ ನಾಯ್ಕ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಕೋಳಿ ಕದ್ದೊಯ್ದ ಅಜ್ಜಿಯ ಜನಪದ ಕಥೆ ಅದು, ಅಪ್ಪಟ ನಮ್ಮದು. ಆದರೆ ಹೊರಗೆ ಅದು ಓಡಾಡಿದ್ದು "ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ" ಎಂಬ ಇಂಗ್ಲಿಷ್ ಹೆಸರಿನಲ್ಲಿ. "ಕನ್ನಡ ಕಿರುಚಿತ್ರ" ಎಂದು ಹುಡುಕುವವರ ಕಣ್ಣಿಗೆ ಇಂಥ ಚಿತ್ರ ಬೀಳುವುದೇ ಕಷ್ಟ. ನಿರ್ದೇಶಕರ ಹೆಸರು ಹಿಡಿದವರಿಗೆ ತಕ್ಷಣ ಸಿಗುತ್ತದೆ.

ಇಲ್ಲಿಯೇ ಇನ್ನೊಂದು ಮಾತು. ಉತ್ಸವದಲ್ಲಿ ಹೆಸರು ಬಂದ ವರ್ಷವೇ ಚಿತ್ರ ಆನ್‌ಲೈನಿನಲ್ಲಿ ಸಿಗಬೇಕೆಂದಿಲ್ಲ. ಅನೇಕ ಉತ್ಸವಗಳು ಈಗಾಗಲೇ ಎಲ್ಲರಿಗೂ ತೆರೆದಿಟ್ಟ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮಾಡಿದವರು ಒಂದೆರಡು ವರ್ಷ ಚಿತ್ರವನ್ನು ಪಾಸ್‌ವರ್ಡ್ ಹಾಕಿಯೇ ಇಟ್ಟಿರುತ್ತಾರೆ. ಸಿಗಲಿಲ್ಲವೆಂದು ಹೆಸರು ಹೊಡೆದುಹಾಕಬೇಡಿ. ನೋಟ್‌ಬುಕ್ಕಿನಲ್ಲಿ "ಮತ್ತೆ ಹುಡುಕಬೇಕಾದ ತಿಂಗಳು" ಎಂದು ಒಂದು ಕಾಲಂ ಹಾಕಿ, ಆರು ತಿಂಗಳಿಗೊಮ್ಮೆ ನೋಡಿ.

## ಹಂತ 4: ಕೊನೆಯ ಕ್ರೆಡಿಟ್ಸ್ ಓದಿ

ಇಡೀ ಕೆಲಸದ ಬೇರು ಇದು, ನಿಧಾನವಾಗಿ ಮಾಡಿ.

ಚಿತ್ರ ಮುಗಿದು ಹೆಸರುಗಳು ಏರತೊಡಗಿದಾಗ ಬಹಳ ಜನ ಮುಂದಿನ ವಿಡಿಯೋಗೆ ಹೋಗುತ್ತಾರೆ. ಆಟೋಪ್ಲೇ ಆಫ್ ಮಾಡಿ. ಗುಣಮಟ್ಟವನ್ನು 1080ಪಿಗೆ ಏರಿಸಿ, ಇಲ್ಲದಿದ್ದರೆ ಚಿಕ್ಕ ಅಕ್ಷರದ ಒತ್ತಕ್ಷರಗಳು ಕಲಸಿಹೋಗುತ್ತವೆ. ಕಂಪ್ಯೂಟರಿನಲ್ಲಾದರೆ ವಿಡಿಯೋ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಅಲ್ಪವಿರಾಮದ ಕೀಲಿ ಒತ್ತಿದರೆ ಹಿಂದೆ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಕನ್ನಡ ಅಕ್ಷರವನ್ನೂ ಅದು ಓದುತ್ತದೆ, ಆದರೆ ಒತ್ತು ದೀರ್ಘಗಳನ್ನು ನೀವೇ ಒಮ್ಮೆ ಸರಿನೋಡಬೇಕು.

ಯಾರ ಹೆಸರು ಬರೆದುಕೊಳ್ಳಬೇಕು? ನಿರ್ದೇಶಕರದ್ದು ಸರಿಯೇ. ಆದರೆ ಅದಕ್ಕಿಂತ ಉಪಯೋಗಕ್ಕೆ ಬರುವುದು ಛಾಯಾಗ್ರಹಣ, ಸಂಕಲನ, ಧ್ವನಿ, ಈ ಮೂರು ಹೆಸರು. ಕಾರಣ ಸರಳ. ಕೈಯಿಂದ ದುಡ್ಡು ಹಾಕಿ ಮಾಡುವ ನಿರ್ದೇಶಕರಿಗೆ ಇನ್ನೊಂದು ಚಿತ್ರ ಮಾಡಲು ವರ್ಷಗಳೇ ಬೇಕಾಗಬಹುದು, ಆದರೆ ಕ್ಯಾಮೆರಾ ಹಿಡಿದವರು ಅಷ್ಟರಲ್ಲಿ ನಾಲ್ಕಾರು ಜನಕ್ಕೆ ಕೆಲಸ ಮಾಡಿರುತ್ತಾರೆ. ಒಬ್ಬ ಸಂಕಲನಕಾರರ ಹೆಸರಿನಿಂದ ಐದು ಚಿತ್ರ, ಆ ಐದರಿಂದ ಹೊಸ ಇಪ್ಪತ್ತು ಹೆಸರು. ಎಳೆ ಹಿಡಿದು ಹೋದಂತೆ ಹೋಗುತ್ತಿರಬೇಕು.

ಆಮೇಲೆ "ಕೃತಜ್ಞತೆಗಳು" ಎಂಬ ಪಟ್ಟಿ. ಇದನ್ನು ಯಾರೂ ಓದುವುದಿಲ್ಲ, ಆದರೆ ಊರಿನ ಚಿತ್ರ ಗುರುತಿಸಲು ಇದಕ್ಕಿಂತ ಖಚಿತವಾದದ್ದು ಇಲ್ಲ. ಶೀರ್ಷಿಕೆಯಲ್ಲಿ, ವಿವರಣೆಯಲ್ಲಿ ಎಲ್ಲೂ ಇಲ್ಲದ ಹಳ್ಳಿಯ ಹೆಸರು ಇಲ್ಲಿರುತ್ತದೆ. "ಸಮಸ್ತ ಗ್ರಾಮಸ್ಥರಿಗೆ" ಎಂದು ಒಂದು ಸಾಲು, ಅದರ ಕೆಳಗೆ ಮನೆ ಬಿಟ್ಟುಕೊಟ್ಟವರು, ಊಟ ಹಾಕಿದವರು, ಟ್ರ್ಯಾಕ್ಟರ್ ಕೊಟ್ಟವರು. ಹಳ್ಳಿ ಯಾವ ತಾಲ್ಲೂಕಿನದೆಂದು ಗೊತ್ತಾದರೆ ಚಿತ್ರ ನಮ್ಮ ಕಡೆಯದೋ ಅಲ್ಲವೋ ತಿಳಿಯುತ್ತದೆ.

ಹೆಸರು ಹುಡುಕುವಾಗ ಇನಿಷಿಯಲ್ ಬಿಟ್ಟು ಒಮ್ಮೆ, ಹಾಕಿ ಒಮ್ಮೆ ಹುಡುಕಿ. ನಮ್ಮಲ್ಲಿ ಒಬ್ಬರೇ ಒಂದು ಚಿತ್ರದಲ್ಲಿ ತಂದೆಯ ಹೆಸರಿನ ಅಕ್ಷರ, ಇನ್ನೊಂದರಲ್ಲಿ ಊರಿನ ಹೆಸರನ್ನೇ ಹಾಕಿಕೊಳ್ಳುವುದುಂಟು. ಮಂಜುನಾಥ ಎಂಬುದು ಇಂಗ್ಲಿಷಿನಲ್ಲಿ ಮಂಜುನಾಥ್ ಆಗಿ, ಬರೀ ಮಂಜು ಆಗಿ ಬದಲಾಗಿರುತ್ತದೆ. ಹೆಸರಿನ ಜೊತೆ ಅವರು ಮಾಡುವ ಕೆಲಸವನ್ನೂ ಸೇರಿಸಿ ಬರೆಯಿರಿ: ಹೆಸರು, ಆಮೇಲೆ ಸಿನೆಮಾಟೋಗ್ರಾಫರ್ ಅಥವಾ ಎಡಿಟರ್. ಯೂಟ್ಯೂಬ್, ವಿಮಿಯೋ, ಇನ್‌ಸ್ಟಾಗ್ರಾಂ ಮೂರರಲ್ಲೂ ನೋಡಿ. ತಮ್ಮ ಕೆಲಸದ ತುಣುಕುಗಳನ್ನು ಜೋಡಿಸಿದ ಶೋರೀಲ್ ಹಾಕಿದ್ದರೆ ಅದೇ ಒಂದು ಪಟ್ಟಿ.

## ಹಂತ 5: ಅನಿಮೇಷನ್‌ಗೆ ಬೇರೆ ದಾರಿ ಹಿಡಿಯಿರಿ

"ಕನ್ನಡ ಅನಿಮೇಷನ್" ಎಂದು ಹುಡುಕಿದರೆ ಸಿಗುವುದು ಶಿಶುಗೀತೆ ಮತ್ತು ನೀತಿಕಥೆಗಳು ಮಾತ್ರ. ಭಾಷೆಯ ಹೆಸರು ಬಿಟ್ಟು ತಂತ್ರದ ಹೆಸರು ಹಿಡಿಯಿರಿ: ಸ್ಟಾಪ್ ಮೋಷನ್, ಕ್ಲೇಮೇಷನ್, ಕಟ್‌ಔಟ್, ಸ್ಯಾಂಡ್ ಅನಿಮೇಷನ್, ರೋಟೋಸ್ಕೋಪ್. ಒಳ್ಳೆಯ ಅನಿಮೇಷನ್‌ಗಳಲ್ಲಿ ಮಾತೇ ಇಲ್ಲದವು ಎಷ್ಟೋ ಇವೆ, ಭಾಷೆ ಅಡ್ಡ ಬರುವುದಿಲ್ಲ.

ಎರಡನೆಯದು, "ಡಿಪ್ಲೊಮಾ ಫಿಲ್ಮ್", "ಗ್ರ್ಯಾಜುಯೇಷನ್ ಫಿಲ್ಮ್" ಎಂಬ ಪದಗಳು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಐಐಟಿ ಬಾಂಬೆಯ ವಿನ್ಯಾಸ ವಿಭಾಗವಾದ ಐಡಿಸಿ, ಪ್ಯಾರಿಸ್ಸಿನ ಗೋಬೆಲಾಂ ಮುಂತಾದ ಸಂಸ್ಥೆಗಳ ಹೆಸರಿನ ಜೊತೆ ಇವನ್ನು ಸೇರಿಸಿ ಹುಡುಕಿ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ತನ್ನ ಜಾಲತಾಣದಲ್ಲಿ ಸಾವಿರಾರು ಚಿತ್ರಗಳನ್ನು ಉಚಿತವಾಗಿ ಇಟ್ಟಿದೆ, ಅನಿಮೇಷನ್ ವಿಭಾಗ ಅದರಲ್ಲೇ ಬಲು ಶ್ರೀಮಂತ. ನಮ್ಮದೇ ಕೇಂದ್ರ ಸರ್ಕಾರದಡಿ ಹಿಂದೆ ಇದ್ದ ಫಿಲ್ಮ್ಸ್ ಡಿವಿಷನ್ನಿನ ಹಳೆಯ ಅನಿಮೇಷನ್‌ಗಳೂ ಯೂಟ್ಯೂಬಿನಲ್ಲಿವೆ. 1960ರಿಂದ ನಡೆಯುತ್ತಿರುವ ಫ್ರಾನ್ಸಿನ ಆನೆಸಿ ಉತ್ಸವದ ಪಟ್ಟಿಯಿಂದ ಹೆಸರು ಎತ್ತಿಕೊಂಡರೆ ವರ್ಷಕ್ಕಾಗುವಷ್ಟು ನೋಡಬಹುದು.

ಈಗ ಕೃತಕ ಬುದ್ಧಿಮತ್ತೆಯಿಂದ ತೆಗೆದ ವಿಡಿಯೋಗಳನ್ನೂ "ಕೈಯಲ್ಲಿ ಬಿಡಿಸಿದ್ದು" ಎಂದು ಹಾಕುತ್ತಾರೆ. ಒಂದು ಲೆಕ್ಕ ತಲೆಯಲ್ಲಿರಲಿ. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬಿಡಿಸಬೇಕು. ಎರಡು ನಿಮಿಷಕ್ಕೆ 1,440, ಹತ್ತು ನಿಮಿಷಕ್ಕೆ 7,200. ದಿನಕ್ಕೊಂದು ಹತ್ತು ನಿಮಿಷದ "ಕೈಚಿತ್ರ" ಹಾಕುವ ಚಾನೆಲ್ ಸುಳ್ಳು ಹೇಳುತ್ತಿದೆ. ಶಾಟ್ ಬದಲಾದಾಗ ಅಂಗಿಯ ಗುಂಡಿಗಳ ಲೆಕ್ಕ ಬದಲಾಗುವುದು, ಬೆರಳು ಹೆಚ್ಚು ಕಡಿಮೆಯಾಗುವುದು, ಕೊನೆಯಲ್ಲಿ ಒಬ್ಬರ ಹೆಸರೂ ಇಲ್ಲದಿರುವುದು ಇನ್ನುಳಿದ ಗುರುತುಗಳು.

## ಹಂತ 6: ಮ್ಯೂಸಿಕ್ ವಿಡಿಯೋ ಬೇರ್ಪಡಿಸಿ

ಹಾಡಿನ ಫಲಿತಾಂಶದಲ್ಲಿ ನಾಲ್ಕು ಜಾತಿ ಕಲಸಿರುತ್ತದೆ: ಸಿನಿಮಾ ಹಾಡು, ಲಿರಿಕಲ್ ವಿಡಿಯೋ, ಬರೀ ಮುಖಪುಟದ ಚಿತ್ರ ನಿಂತಿರುವ ಆಡಿಯೋ, ಮತ್ತು ನಿಜವಾದ ಮ್ಯೂಸಿಕ್ ವಿಡಿಯೋ. ಚಾನೆಲ್ ಹೆಸರಿನ ಕೊನೆಯಲ್ಲಿ "ಟಾಪಿಕ್" ಎಂದಿದ್ದರೆ ಅದು ಯೂಟ್ಯೂಬ್ ತಾನೇ ಸೃಷ್ಟಿಸಿದ ಆಡಿಯೋ ಪುಟ, ಅಲ್ಲಿ ವಿಡಿಯೋ ಇರುವುದಿಲ್ಲ. ಆದರೂ ವಿವರಣೆ ತೆರೆದು ಮೊದಲ ಸಾಲು ಓದಿ. ಹಾಡನ್ನು ಒದಗಿಸಿದವರು ಡಿಸ್ಟ್ರೋಕಿಡ್ ಅಥವಾ ಟ್ಯೂನ್‌ಕೋರ್ (ಕಲಾವಿದರ ಹಾಡನ್ನು ಆನ್‌ಲೈನ್ ತಾಣಗಳಿಗೆ ತಲುಪಿಸುವ ಸೇವೆಗಳು) ಎಂದಿದ್ದರೆ ಕಲಾವಿದರು ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ಬಿಡುಗಡೆ ಮಾಡಿರುವ ಸಂಭವ ಹೆಚ್ಚು. ಆ ಹೆಸರಿನ ಸ್ವಂತ ಚಾನೆಲ್‌ಗೆ ಹೋಗಿ ವಿಡಿಯೋ ಹುಡುಕಿ.

ವಿಡಿಯೋದ ನಿರ್ದೇಶಕರ ಹೆಸರು ಹಾಡಿನ ಶೀರ್ಷಿಕೆಯಲ್ಲಿ ಬರುವುದು ಕಡಿಮೆ, ವಿವರಣೆಯ ಕೆಳತುದಿಯಲ್ಲಿ ಸಾಹಿತ್ಯದ ಆಚೆ ಇರುತ್ತದೆ. "ಇನ್ನಷ್ಟು" ಒತ್ತಿ ಕೆಳಗಿನವರೆಗೂ ಓದಿ. ಹಾಡುಗಾರರಷ್ಟೇ ಆ ಹೆಸರೂ ನಿಮಗೆ ಮುಖ್ಯ.

## ಹಂತ 7: ಊರೊಳಗೆ ಕೇಳಿ

ಇಂಟರ್‌ನೆಟ್ಟಿನಲ್ಲಿ ಐವತ್ತು ಜನ ನೋಡಿದ ಚಿತ್ರ ನಿಮ್ಮ ಪಕ್ಕದ ಬೀದಿಯಲ್ಲೇ ತಯಾರಾಗಿರಬಹುದು. ಕೇಳಬೇಕಾದ ಜಾಗಗಳು ಮೂರು.

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಪತ್ರಿಕೋದ್ಯಮ ಕಲಿಸುವ ಕಾಲೇಜುಗಳು. ವರ್ಷದ ಕೊನೆಗೆ ವಿದ್ಯಾರ್ಥಿಗಳು ಮಾಡಿದ ಪ್ರಾಜೆಕ್ಟ್ ಚಿತ್ರಗಳಿದ್ದರೆ ಯಾವ ಚಾನೆಲ್‌ನಲ್ಲಿ ಹಾಕುತ್ತಾರೆಂದು ವಿಚಾರಿಸಿ.

ಮದುವೆ ವಿಡಿಯೋ ಮಾಡುವ ಫೋಟೋ ಸ್ಟುಡಿಯೋಗಳು. ಊರಿನ ಕಿರುಚಿತ್ರಕ್ಕೆ ಕ್ಯಾಮೆರಾ, ಡ್ರೋನ್, ಎಡಿಟಿಂಗ್ ಬೇಕಾದರೆ ಹುಡುಗರು ಮೊದಲು ಹೋಗುವುದು ಅಲ್ಲಿಗೆ. ಮದುವೆ ಸೀಸನ್ನಿನಲ್ಲಿ ಹೋದರೆ ಮಾತಾಡಲು ಪುರುಸೊತ್ತು ಇರುವುದಿಲ್ಲ. ಆಷಾಢದಲ್ಲಿ ಹೋಗಿ.

ಮೂರನೆಯದು ರಂಗಭೂಮಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿ ವರ್ಷ ನಾಟಕೋತ್ಸವ ನಡೆಯುತ್ತದೆ, ಅಲ್ಲಿನ ಶಿವಸಂಚಾರ ತಂಡ ನಾಡೆಲ್ಲ ತಿರುಗುತ್ತದೆ. ನಾಟಕದ ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರು ಅಚ್ಚಾಗಿರುತ್ತದೆ. ಕರಪತ್ರ ಎಸೆಯದೆ ತನ್ನಿ, ಹಂತ 4ರಲ್ಲಿ ಮಾಡಿದಂತೆ ಒಂದೊಂದೇ ಹೆಸರು ಹುಡುಕಿ. ನಟನೆ ಬಲ್ಲವರನ್ನು ಕಿರುಚಿತ್ರದವರು ಸುಮ್ಮನೆ ಬಿಡುವುದಿಲ್ಲ.

## ಹಂತ 8: ಇವು ಕಂಡರೆ ಎಚ್ಚರ

ಕದ್ದು ಹಾಕಿದ ಚಿತ್ರ: ಬಿಂಬ ಎಡಬಲ ತಿರುಗಿರುತ್ತದೆ. ಅಂಗಡಿಯ ಬೋರ್ಡಿನ ಅಕ್ಷರ ಉಲ್ಟಾ ಕಂಡರೆ ಅದೇ. ಧ್ವನಿ ತುಸು ಕೀರಲು, ಸುತ್ತ ದಪ್ಪ ಅಂಚು, ಕೊನೆಯ ಕ್ರೆಡಿಟ್ಸ್ ಕತ್ತರಿಸಿಹೋಗಿರುತ್ತದೆ. ಅಲ್ಲಿ ನೋಡಿದರೆ ಮಾಡಿದವರಿಗೆ ಒಂದು ಎಣಿಕೆಯೂ ಸೇರುವುದಿಲ್ಲ. ಮೂಲ ಹುಡುಕಿ ಅಲ್ಲಿಯೇ ನೋಡಿ.

ಪೋಸ್ಟರ್ ತುಂಬ ಎಲೆಗಳ ಗುರುತು: ಉತ್ಸವಕ್ಕೆ ಆಯ್ಕೆಯಾದ, ಪ್ರಶಸ್ತಿ ಪಡೆದ ಚಿತ್ರಗಳಿಗೆ ಈ ಗುರುತು ಹಾಕುತ್ತಾರೆ. ಆ ಎರಡು ಎಲೆಸಾಲುಗಳ ನಡುವೆ ಇರುವ ಉತ್ಸವದ ಹೆಸರು ಓದಿ. ಶುಲ್ಕ ಕಟ್ಟಿಸಿಕೊಂಡು ಪ್ರತಿ ತಿಂಗಳೂ ಹತ್ತಾರು ವಿಭಾಗಗಳಲ್ಲಿ ಪ್ರಶಸ್ತಿ ಹಂಚುವ ಆನ್‌ಲೈನ್ ಉತ್ಸವಗಳಿವೆ. ಉತ್ಸವ ಯಾವ ಊರಿನ ಯಾವ ಸಭಾಂಗಣದಲ್ಲಿ ನಡೆಯಿತು, ತೀರ್ಪುಗಾರರು ಯಾರು ಎಂಬುದು ಎಲ್ಲೂ ಸಿಗದಿದ್ದರೆ ಆ ಗುರುತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಚಿತ್ರ ಒಳ್ಳೆಯದೇ ಇರಬಹುದು, ಗುರುತು ಅದನ್ನು ಹೇಳುವುದಿಲ್ಲ ಅಷ್ಟೇ.

ಟೆಲಿಗ್ರಾಂನಲ್ಲಿ ಬರುವ ಎಪಿಕೆ ಫೈಲ್: "ಎಲ್ಲ ಕಿರುಚಿತ್ರ ಉಚಿತ" ಎನ್ನುವ ಯಾವ ಆ್ಯಪನ್ನೂ ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಳ್ಳಬೇಡಿ. ಬ್ಯಾಂಕ್ ಒಟಿಪಿ ಬರುವ ಫೋನ್ ಅದು.

## ಹಂತ 9: ಸಿಗದ ಚಿತ್ರಕ್ಕೆ ಪತ್ರ ಬರೆಯಿರಿ

ಎರಡು ಸಲ ಆರಾರು ತಿಂಗಳು ಬಿಟ್ಟು ಹುಡುಕಿದರೂ ಸಿಗದಿದ್ದರೆ ಮಾಡಿದವರನ್ನೇ ಕೇಳಿ. ಬರೀ "ಲಿಂಕ್ ಕಳಿಸಿ ಸರ್" ಎಂದರೆ ಉತ್ತರ ಬರುವುದಿಲ್ಲ. ನಾಲ್ಕು ಸಾಲು ಸಾಕು, ಹೀಗೆ:

"ನಮಸ್ಕಾರ. ನಾನು ದಾವಣಗೆರೆಯವನು. ಈ ವರ್ಷದ ಉತ್ಸವದ ಪಟ್ಟಿಯಲ್ಲಿ ನಿಮ್ಮ ಚಿತ್ರದ ಹೆಸರು ನೋಡಿದೆ. ನೀವು ಸಂಕಲನ ಮಾಡಿದ ಹಿಂದಿನ ಚಿತ್ರವನ್ನು ಪೂರ್ತಿ ನೋಡಿದ್ದೇನೆ, ಅದರಲ್ಲಿ ಬಾವಿಕಟ್ಟೆಯ ದೃಶ್ಯದ ಧ್ವನಿ ಮನಸ್ಸಿನಲ್ಲಿ ಉಳಿದಿದೆ. ಹೊಸ ಚಿತ್ರ ಎಲ್ಲಾದರೂ ಪ್ರದರ್ಶನವಾಗುವುದಿದ್ದರೆ ಅಥವಾ ಆನ್‌ಲೈನಿಗೆ ಬರುವುದಿದ್ದರೆ ದಯವಿಟ್ಟು ತಿಳಿಸಿ."

ನೋಡಿದ್ದನ್ನೇ ಬರೆಯಿರಿ, ನೋಡದ್ದನ್ನು ಹೊಗಳಬೇಡಿ. ಇನ್‌ಸ್ಟಾಗ್ರಾಂಗಿಂತ ಇಮೇಲ್ ವಾಸಿ, ಇನ್‌ಸ್ಟಾಗ್ರಾಂನಲ್ಲಿ ಅಪರಿಚಿತರ ಸಂದೇಶ ಬೇರೆ ಪೆಟ್ಟಿಗೆಗೆ ಹೋಗಿ ಕಾಣದೇ ಉಳಿಯುತ್ತದೆ. ಹದಿನೈದು ದಿನ ಕಾದು ಒಂದೇ ಒಂದು ಸಲ ನೆನಪಿಸಿ.

ಪಾಸ್‌ವರ್ಡ್ ಇರುವ ಲಿಂಕ್ ಬಂದರೆ ಅದು ನಿಮ್ಮೊಬ್ಬರಿಗೆ. ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಚಿತ್ರ ಹೊರಗೆ ಸೋರಿ, ಅದನ್ನು ತೆಗೆದುಕೊಳ್ಳಬೇಕೆಂದಿದ್ದ ಉತ್ಸವ ಕೈಬಿಡಬಹುದು. ಸ್ನೇಹಿತರಿಗೋ ಕಾಲೇಜಿನಲ್ಲೋ ತೋರಿಸಬೇಕೆಂದಿದ್ದರೆ ದಿನಾಂಕ, ಜಾಗ, ಎಷ್ಟು ಜನ ಎಂಬುದನ್ನು ಬರೆದು ಬೇರೆಯಾಗಿ ಅನುಮತಿ ಕೇಳಿ. ನೋಡಿದ ಮೂರು ದಿನದೊಳಗೆ ಅನಿಸಿದ್ದನ್ನು ಅವರಿಗೆ ಬರೆಯಿರಿ, ಕೊನೆಯಲ್ಲಿ ಇದೊಂದನ್ನು ಕೇಳಿ: "ನಿಮಗೆ ಇಷ್ಟವಾದ, ಯಾರೂ ನೋಡದ ಇನ್ನೊಬ್ಬರ ಚಿತ್ರ ಯಾವುದು?" ಬಂದ ಹೆಸರನ್ನು ನೋಟ್‌ಬುಕ್ಕಿಗೆ ಸೇರಿಸಿ, ಹಂತ 4ಕ್ಕೆ ಹೋಗಿ.